10061 ಬಂದರೆ ಫೈರ್‌ವಾಲ್‌ಗೆ ಬಯ್ಯಬೇಡಿ

"ಸರ್, ನಿಮ್ಮ ಕಡೆ ಪೋರ್ಟ್ ಬ್ಲಾಕ್ ಆಗಿದೆ. ಸ್ವಲ್ಪ ಓಪನ್ ಮಾಡಿಕೊಡಿ."

ವಾರಕ್ಕೆ ಎರಡು ಸಲವಾದರೂ ಈ ಫೋನ್ ಬರುತ್ತದೆ. ನಾನು ಫೈರ್‌ವಾಲ್ ನೋಡಿಕೊಳ್ಳುವವನು. ಅಂದರೆ ನೆಟ್‌ವರ್ಕ್‌ಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ನಿಯಮ ಹಾಕಿಟ್ಟ ಕಾವಲು ಗೋಡೆ. ಎರರ್ ಏನು ಬರ್ತಿದೆ ಅಂತ ಕೇಳಿದರೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಪರದೆಯ ಫೋಟೋ. ಕನೆಕ್ಟ್ ಆಗುತ್ತಿಲ್ಲ ಅನ್ನುವ ಸಾಲು ಚೆನ್ನಾಗಿ ಕಾಣುತ್ತದೆ. ಅದರ ಕೊನೆಯಲ್ಲಿರುವ ಸಂಖ್ಯೆ ಮಾತ್ರ ಕತ್ತರಿಸಿಹೋಗಿರುತ್ತದೆ. ನನಗೆ ಬೇಕಾಗಿದ್ದು ಅದೊಂದೇ.

ವಿಂಡೋಸ್‌ನಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 10060 ಅಥವಾ 10061. ಲಿನಕ್ಸ್ ಆದರೆ 110 ಅಥವಾ 111. 10060 ಅಂದರೆ ಕೂಗಿದೆ, ಕಾದೆ, ಯಾರೂ ಓಗೊಡಲಿಲ್ಲ ಅಂತ. 10061 ಅಂದರೆ ಕೂಗಿದೆ, "ಇಲ್ಲಿ ಆ ಹೆಸರಿನವರು ಯಾರೂ ಇಲ್ಲ, ಹೋಗಪ್ಪ" ಅಂತ ಒಳಗಿನಿಂದ ಉತ್ತರ ಬಂತು ಅಂತ. ಉತ್ತರ ಬಂದಿದೆ ಅಂದಮೇಲೆ ಹೋಗುವ ದಾರಿಯೂ ಸರಿ, ಬರುವ ದಾರಿಯೂ ಸರಿ ಅಲ್ವಾ? ಆದರೂ ಫೈರ್‌ವಾಲ್ ತೆಗೆಯಿರಿ ಅನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಮಲೆನಾಡಿನ ಒಂದು ಅಡಿಕೆ ಸೊಸೈಟಿಯಲ್ಲಿ ಹೀಗೇ ಆಯಿತು. ಮುಖ್ಯ ಕಚೇರಿಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ ಹೊಸ ಸರ್ವರ್ ಬಂದಿತ್ತು. ಶಾಖೆಯವರು ವಿಪಿಎನ್ ಮೂಲಕ, ಅಂದರೆ ಇಂಟರ್ನೆಟ್ ಮೇಲೇ ಹಾಕಿಕೊಂಡ ಖಾಸಗಿ ದಾರಿಯಲ್ಲಿ, ಅದಕ್ಕೆ ಸೇರಬೇಕು. ಶಾಖೆಯಲ್ಲಿ ಲೆಕ್ಕದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟ ಹುಡುಗ ಬೆಂಗಳೂರಿನಿಂದ ಫೋನ್‌ನಲ್ಲೇ ತೀರ್ಪು ಕೊಟ್ಟುಬಿಟ್ಟ: 3306 ಬ್ಲಾಕ್ ಆಗಿದೆ. ಲೆಕ್ಕವೆಲ್ಲ ಇರುವ ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಪೋರ್ಟ್ ಅದು. ಸೆಕ್ರೆಟರಿಯವರು ನನಗೆ ಬಹಳ ಬೇಕಾದವರು. "ನಿಮ್ಮ ಆ ಗೋಡೆಯನ್ನ ಒಂದಿನ ತೆಗೆದಿಡಿ ಮಾರಾಯ್ರೆ, ಇಲ್ಲಿ ಜನ ಕ್ಯೂ ನಿಂತಿದ್ದಾರೆ" ಅಂದರು. ನಾನು ನಿಯಮ ನೋಡಿದೆ. 3306 ತೆರೆದೇ ಇತ್ತು. ಅವರ ಸಮಾಧಾನಕ್ಕೆ ಐದು ನಿಮಿಷ ಎಲ್ಲ ನಿಯಮಗಳನ್ನೂ ಸಡಿಲಿಸಿದೆ. ಆಗಲೂ 10061.

ತಪ್ಪು ಆ ಹುಡುಗನದ್ದು ಮಾತ್ರ ಅಲ್ಲ. ಪೋರ್ಟ್ ಅನ್ನುವ ಪದವೇ ದಾರಿ ತಪ್ಪಿಸುತ್ತದೆ. ಯುಎಸ್‌ಬಿ ಪೋರ್ಟ್ ಇದ್ದ ಹಾಗೆ ಇದೂ ಒಂದು ತೂತು, ಯಾರೋ ಬಿರಡೆ ಹಾಕಿದ್ದಾರೆ, ತೆಗೆದರೆ ಆಯಿತು ಅಂದುಕೊಳ್ಳುತ್ತಾರೆ. ಇದು ತೂತಲ್ಲ. ಬರೀ ಸಂಖ್ಯೆ.

ಸರ್ವರ್‌ಗೆ ಐಪಿ ವಿಳಾಸ ಒಂದು, ಒಳಗೆ ಓಡುವ ಪ್ರೋಗ್ರಾಂಗಳು ಹತ್ತಾರು. ಬಂದ ಪ್ಯಾಕೆಟ್ (ಮಾಹಿತಿಯ ಪುಟ್ಟ ಕಟ್ಟು) ಯಾರದ್ದು ಅಂತ ಆಪರೇಟಿಂಗ್ ಸಿಸ್ಟಂ ತೀರ್ಮಾನಿಸಬೇಕು. ಮೊದಲು ಐಪಿ ಹೆಡರ್‌ನಲ್ಲಿ, ಅಂದರೆ ಪ್ಯಾಕೆಟ್‌ನ ತಲೆಬರಹದಲ್ಲಿ, ಯಾವ ಸಾಗಣೆ ಪದ್ಧತಿ ಅಂತ ಹೇಳುವ ಒಂದು ಅಂಕಿ ನೋಡುತ್ತದೆ. 6 ಇದ್ದರೆ ಟಿಸಿಪಿ, 17 ಇದ್ದರೆ ಯುಡಿಪಿ. ಟಿಸಿಪಿ ಹೆಡರ್‌ನ ಮೊದಲ ನಾಲ್ಕು ಬೈಟ್‌ಗಳಲ್ಲಿ ಎರಡು ಪೋರ್ಟ್ ಸಂಖ್ಯೆಗಳಿರುತ್ತವೆ: ಕಳಿಸಿದವರದ್ದು, ತಲುಪಬೇಕಾದವರದ್ದು. ತಲಾ ಎರಡೇ ಬೈಟ್. ಹಾಗಾಗಿ 65535ಕ್ಕಿಂತ ದೊಡ್ಡ ಪೋರ್ಟ್ ಇಲ್ಲ. (80443 ಓಪನ್ ಮಾಡಿ ಅಂತ ಒಬ್ಬರು ನನಗೆ ಮೇಲ್ ಕಳಿಸಿದ್ದರು. ಇರಲಿ.) ಆಮೇಲೆ ಸಿಸ್ಟಂ ತನ್ನ ಪಟ್ಟಿ ನೋಡುತ್ತದೆ. 3306ರಲ್ಲಿ ಯಾರಾದರೂ ಕಾಯುತ್ತಾ ಕೂತಿದ್ದಾರಾ? ಇದ್ದರೆ ಅವರ ಕೈಗೆ ಕೊಡುತ್ತದೆ. ಇಲ್ಲದಿದ್ದರೆ ರೀಸೆಟ್ ಅನ್ನುವ ಪುಟ್ಟ ಪ್ಯಾಕೆಟ್ ವಾಪಸ್ ಕಳಿಸುತ್ತದೆ. ಅದೇ 10061.

ನೂರು ಜನ ವೆಬ್‌ಸೈಟ್‌ನ ಒಂದೇ 443ನೇ ಪೋರ್ಟ್‌ಗೆ ಬಂದರೆ ಕಲಸಿಹೋಗಲ್ವಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಎರಡೂ ಕಡೆಯ ಐಪಿ, ಎರಡೂ ಕಡೆಯ ಪೋರ್ಟ್, ನಾಲ್ಕನ್ನೂ ಸೇರಿಸಿ ನೋಡುತ್ತದೆ. ಅದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು "ಕೂತಿದ್ದಾರಾ" ಅನ್ನುವುದರ ಬಗ್ಗೆ.

ನಮ್ಮ ಕಡೆ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ. ಪ್ರೋಗ್ರಾಂ ಶುರುವಾದಾಗ ಮಾಡುವುದೂ ಅದನ್ನೇ. 3306 ನನ್ನದು ಅಂತ ಟವೆಲ್ ಹಾಕಿ ಕೂರುತ್ತದೆ. ಇನ್ನೊಂದು ಪ್ರೋಗ್ರಾಂ ಅದೇ ಸೀಟಿಗೆ ಬಂದರೆ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಅಂತ ಜಗಳ. ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆಯುವುದು ಅಂದರೆ ಬಸ್ಸಿನ ಬಾಗಿಲು ತೆರೆದ ಹಾಗೆ. ಬಾಗಿಲು ಎಷ್ಟು ಅಗಲ ತೆರೆದರೂ ಖಾಲಿ ಸೀಟಿನಲ್ಲಿ ಜನ ಹುಟ್ಟಲ್ಲ.

ಟವೆಲ್ ಹಾಕುವಾಗ ಪ್ರೋಗ್ರಾಂ ಇನ್ನೊಂದು ಮಾತನ್ನೂ ಹೇಳುತ್ತದೆ. ಯಾವ ವಿಳಾಸಕ್ಕೆ ಬಂದವರನ್ನು ಮಾತಾಡಿಸುತ್ತೇನೆ ಅಂತ. 0.0.0.0 ಅಂದರೆ ಈ ಯಂತ್ರದ ಯಾವ ಐಪಿಗೆ ಬಂದರೂ ಸರಿ. 127.0.0.1 ಅಂದರೆ ಈ ಯಂತ್ರದೊಳಗಿನವರು ಮಾತ್ರ. ಹೊರಗಿನವರ ಪಾಲಿಗೆ ಆ ಸೀಟು ಖಾಲಿ ಇದ್ದ ಹಾಗೇ. ಉಬುಂಟುವಿನಲ್ಲಿ ಮೈಎಸ್‌ಕ್ಯುಎಲ್ ಹಾಕಿದರೆ ಅದು ಮೊದಲಿಗೆ 127.0.0.1ರಲ್ಲೇ ಕೂರುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ಕೂಡ ಹಾಗೇ. ಅದು ದೋಷ ಅಲ್ಲ, ಬೇಕಂತಲೇ ಇಟ್ಟಿರುವ ಎಚ್ಚರಿಕೆ.

ಆ ಹುಡುಗನಿಗೆ ಇದನ್ನೆಲ್ಲ ಫೋನ್‌ನಲ್ಲಿ ಹೇಳಿದೆ. "ಸರ್ವರ್ ಮೇಲೆ ಕೂತು ನೋಡಿದರೆ ಚೆನ್ನಾಗೇ ಓಡ್ತಿದೆ ಸರ್" ಅಂದ. ಓಡುತ್ತದೆ ಕಣಪ್ಪ, ಯಾಕಂದರೆ ನೀನು ಒಳಗಿನವನು. "ಶಾಖೆಯಿಂದ ಪಿಂಗ್ ಕೂಡ ಬರ್ತಿದೆ" ಅಂದ. ಪಿಂಗ್ ಅಂದರೆ ಯಂತ್ರ ಎಚ್ಚರ ಇದೆಯಾ ಅಂತ ಕೇಳುವುದು, ಅಷ್ಟೇ. ಅದು ಐಸಿಎಂಪಿ ಅನ್ನುವ ಬೇರೆಯೇ ಪದ್ಧತಿಯಲ್ಲಿ ಹೋಗುತ್ತದೆ. ಅದರಲ್ಲಿ ಪೋರ್ಟ್ ಅನ್ನುವುದೇ ಇಲ್ಲ. ಉತ್ತರ ಕೊಡುವುದು ಆಪರೇಟಿಂಗ್ ಸಿಸ್ಟಂ. ಡೇಟಾಬೇಸ್ ಮಲಗಿದ್ದರೂ ಪಿಂಗ್ ಬರುತ್ತದೆ. ಕೊನೆಗೆ ಇಂಟರ್ನೆಟ್ ಕೊಟ್ಟವರೇ ಬ್ಲಾಕ್ ಮಾಡಿರಬಹುದು ಅನ್ನುವಲ್ಲಿಗೆ ಬಂದ. ನಾನು ಕಾರು ತೆಗೆದೆ. ಮಳೆಯಲ್ಲಿ ಎರಡೂವರೆ ಗಂಟೆ ದಾರಿ.

ಸರ್ವರ್ ಮುಂದೆ ಕೂತು ಎಸ್‌ಎಸ್ ಕಮಾಂಡ್ ಕೊಟ್ಟೆ. ವಿಂಡೋಸ್ ಆಗಿದ್ದರೆ ನೆಟ್‌ಸ್ಟ್ಯಾಟ್. ಯಾರು ಎಲ್ಲಿ ಕೂತಿದ್ದಾರೆ ಅಂತ ಪಟ್ಟಿ ಬರುತ್ತದೆ. 3306ರ ಎದುರಿಗೆ 127.0.0.1. ಯಾವ ವಿಳಾಸದಲ್ಲಿ ಕೂರಬೇಕು ಅನ್ನುವ ಒಂದು ಸಾಲು ತಿದ್ದಿ ಡೇಟಾಬೇಸ್ ರೀಸ್ಟಾರ್ಟ್ ಮಾಡಿದೆವು. ಶಾಖೆಯಿಂದ ಫೋನ್: "ಇನ್ನೂ ಬರ್ತಿಲ್ಲ ಸರ್." ಸಂಖ್ಯೆ ಓದಿ ಅಂದೆ. 1130. ನನಗೆ ಖುಷಿಯಾಯಿತು. ಅದು ಮೈಎಸ್‌ಕ್ಯುಎಲ್‌ನದೇ ದನಿ. ಈ ಐಪಿಯವರಿಗೆ ಪ್ರವೇಶ ಕೊಟ್ಟಿಲ್ಲ ಅಂತ ಅದೇ ಹೇಳುತ್ತಿದೆ. ಅನುಮತಿಯನ್ನು ಹುಡುಗನೇ ಕೊಟ್ಟ. ಕ್ಯೂ ಕರಗಿತು.

ಎರಡು ಎಚ್ಚರಿಕೆ ಹೇಳಲೇಬೇಕು. 10061 ಬಂದರೆ ಫೈರ್‌ವಾಲ್ ನೂರಕ್ಕೆ ನೂರು ಅಮಾಯಕ ಅಂತ ನಾನು ಬರೆದುಕೊಡಲ್ಲ. ಬಂದ ಪ್ಯಾಕೆಟನ್ನು ಸುಮ್ನೆ ಬಿಸಾಡುವ ಬದಲು ತಾನೇ ರೀಸೆಟ್ ಕಳಿಸುವ ಹಾಗೆ ಕೆಲವರು ಅದನ್ನು ಹೊಂದಿಸಿರುತ್ತಾರೆ. ತದ್ವಿರುದ್ಧವೂ ಉಂಟು. ವಿಂಡೋಸ್ ಸರ್ವರ್‌ನಲ್ಲಿ ಅದರದೇ ಫೈರ್‌ವಾಲ್ ಆನ್ ಇದ್ದರೆ, ಖಾಲಿ ಪೋರ್ಟ್‌ಗೆ ಬಂದವರಿಗೆ ಅದು ಉತ್ತರವನ್ನೇ ಕೊಡದೆ ಸುಮ್ಮನಿರುತ್ತದೆ. ಆಗ ಯಾರೂ ಕೂತಿರದಿದ್ದರೂ ನಿಮಗೆ ಕಾಣುವುದು 10060. ಹಾಗಾಗಿ ಸರ್ವರ್ ಮೇಲೆ ಪಟ್ಟಿ ನೋಡದೆ ತೀರ್ಪು ಬೇಡ. ಇನ್ನೊಂದು: ಇದನ್ನು ಓದಿದ ಉತ್ಸಾಹದಲ್ಲಿ ಡೇಟಾಬೇಸನ್ನು 0.0.0.0ಕ್ಕೆ ಹಾಕಿ, 3306ನ್ನು ಇಡೀ ಇಂಟರ್ನೆಟ್‌ಗೆ ತೆರೆದು ಕೂರಬೇಡಿ. ವಿಪಿಎನ್ ಇರುವುದು ಅದಕ್ಕೇ.

ಸೊಸೈಟಿಯಲ್ಲಿ ಅವತ್ತು ಹೊರಡುವಾಗ ಸೆಕ್ರೆಟರಿಯವರು ಕಾಫಿ ಕೊಟ್ಟು, ವೋಚರ್ ಬರೆಯಲು ಕೂತರು. ತೊಂದರೆ ಫೈರ್‌ವಾಲ್‌ನದ್ದು ಆಗಿರಲೇ ಇಲ್ಲ ಅಂತ ಇನ್ನೊಮ್ಮೆ ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ವೋಚರ್ ನನ್ನ ಕಡೆ ತಿರುಗಿಸಿ ಸಹಿ ಕೇಳಿದರು. ಬಾಬ್ತು ಅನ್ನುವ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಫೈರ್‌ವಾಲ್ ರಿಪೇರಿ.