ಚರ್ಚಿಲ್ ರೈಲು ನಿಂತದ್ದೇಕೆ, ಮತ್ತೆ ಹೊರಟದ್ದು ಹೇಗೆ?

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್ ಊರಿಗೆ ರಸ್ತೆಯೇ ಇಲ್ಲ. 2021ರ ಜನಗಣತಿಯಂತೆ ಅಲ್ಲಿರುವುದು 870 ಮಂದಿ. ದಿನಸಿಯಿಂದ ಹಿಡಿದು ಮನೆ ಬೆಚ್ಚಗಿಡುವ ಪ್ರೊಪೇನ್‌ವರೆಗೆ ಬಹುಪಾಲು ಸಾಮಾನು ಬರುವುದು ದ ಪಾಸ್ ಪಟ್ಟಣದಿಂದ ಸುಮಾರು 820 ಕಿ.ಮೀ. ಉದ್ದದ ಹಳಿಯ ಮೇಲೆ.

ಹಳಿ ಹಾಕಿದ್ದು ಊರಿಗಾಗಿ ಅಲ್ಲ, ಗೋಧಿ ರಫ್ತಿಗಾಗಿ. 1929ರಲ್ಲಿ ಅದು ಚರ್ಚಿಲ್ ಮುಟ್ಟಿತು, 1997ರಲ್ಲಿ ಬಂದರಿನೊಂದಿಗೆ ಅಮೆರಿಕದ ಖಾಸಗಿ ಕಂಪನಿಯೊಂದರ ಪಾಲಾಯಿತು. ರೈತರ ಗೋಧಿ ಮಾರುವ ಹಕ್ಕು ಮೊದಲು ಕೆನಡಾದ ಗೋಧಿ ಮಂಡಳಿಯೊಂದಕ್ಕೇ ಇತ್ತು, 2012ರಲ್ಲಿ ಆ ಏಕಸ್ವಾಮ್ಯ ಹೋಯಿತು. ಸರಕು ಇಳಿದು, 2016ರಲ್ಲಿ ಬಂದರಿನ ಧಾನ್ಯ ವಹಿವಾಟೂ ನಿಂತಿತು.

ಕಷ್ಟವಿರುವುದು ನೆಲದಲ್ಲಿ. ದಾರಿಯಲ್ಲಿನ ಗಿಲಮ್ ಪಟ್ಟಣ ದಾಟಿದ ಮೇಲೆ ಹಳಿ ಸಾಗುವುದು ಜೌಗಿನಲ್ಲಿ: ಮೇಲೆ ಅರೆಕೊಳೆತ ಪಾಚಿಯ ದಪ್ಪ ಪದರ, ಕೆಳಗೆ ಅಲ್ಲಲ್ಲಿ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು. ಆ ಪಾಚಿಯೇ ಮಣ್ಣೊಳಗಿನ ಮಂಜಿಗೆ ಹೊದಿಕೆ. ಹಳಿ ಹೊತ್ತ ಏರಿಯ (ಜಲ್ಲಿಮಣ್ಣಿನ ದಿಬ್ಬದ) ಭಾರಕ್ಕೆ ಪಾಚಿ ಅಮುಕಿ, ಪಕ್ಕದಲ್ಲಿ ನೀರು ನಿಂತರೆ ಬೇಸಿಗೆಯ ಶಾಖ ಒಳಗಿಳಿದು ಮಂಜು ಕರಗುತ್ತದೆ, ಏರಿ ಕುಸಿಯುತ್ತದೆ. ಹೆಪ್ಪುಗಟ್ಟಿದ ನೆಲ ಮುಗಿದು ಮೆತ್ತನೆಯ ಜೌಗು ಶುರುವಾಗುವ ಗಡಿಯಲ್ಲೇ ತಗ್ಗು ಹೆಚ್ಚು. ತಗ್ಗಿಗೆ ಜಲ್ಲಿ ಸುರಿದು ಹಳಿ ಎತ್ತುತ್ತಾರೆ. ಜಲ್ಲಿಯ ಭಾರಕ್ಕೆ ಅದು ಮತ್ತೆ ಇಳಿಯುತ್ತದೆ. ಅದಕ್ಕೇ ರೈಲಿಗೆ ವೇಗಮಿತಿ. ಕೆಲವೆಡೆ ಅನಿಲ ತುಂಬಿದ ಮುಚ್ಚಿದ ಕೊಳವೆಗಳನ್ನು ನೆಟ್ಟು ನೋಡಿದ್ದಾರೆ. ಚಳಿಗಾಲದಲ್ಲಿ ಅವು ನೆಲದ ಶಾಖವನ್ನು ಮೇಲೆತ್ತಿ ಗಾಳಿಗೆ ಬಿಡುತ್ತವೆ. ಗಾಳಿ ನೆಲಕ್ಕಿಂತ ಬೆಚ್ಚಗಾದರೆ ಸುಮ್ಮನಿರುತ್ತವೆ. ಹಳಿಪಕ್ಕದ ತಂತಿಕಂಬಗಳನ್ನೂ ಹೂಳುವಂತಿರಲಿಲ್ಲ, ನೆಲ ಉಬ್ಬಿ ಹೊರದಬ್ಬುತ್ತಿತ್ತು. ಮೂರು ಮರ ಸೇರಿಸಿ ಮುಕ್ಕಾಲಿಯಂತೆ ನಿಲ್ಲಿಸಿದರು.

ಇನ್ನೊಂದು ಶತ್ರು ಏರಿಯಡಿ ನೀರು ಹಾಯುವ ಮೋರಿ. ಚಳಿಗಾಲದಲ್ಲಿ ಮೋರಿಯೊಳಗೆ ಮಂಜು ಕಟ್ಟಿರುತ್ತದೆ. ಹಿಮ ಕರಗುವ ಹೊತ್ತಿಗೆ ಅದು ಬಿಡದಿದ್ದರೆ ಏರಿಯೇ ಅಣೆಕಟ್ಟಾಗುತ್ತದೆ, ಒಂದು ಬದಿ ತುಂಬಿದ ನೀರು ಜಲ್ಲಿಯನ್ನು ಕೊಚ್ಚಿ ದಾಟುತ್ತದೆ.

2017ರ ಮಾರ್ಚ್‌ನಲ್ಲಿ ಭಾರಿ ಹಿಮಗಾಳಿ ಬೀಸಿತು. ಆ ಹಿಮ ಕರಗಿ, ಮೇ 23ರ ಹೊತ್ತಿಗೆ ಗಿಲಮ್‌ನಿಂದಾಚೆ ಸುಮಾರು 20 ಕಡೆ ಹಳಿ ಕೊಚ್ಚಿಹೋಗಿ ಸೇವೆ ನಿಂತಿತು. ದಕ್ಷಿಣದ ಪಿಕ್ವಿಟೊನೆಯಂಥ ರಸ್ತೆಯಿಲ್ಲದ ಊರುಗಳ ರೈಲು ತಪ್ಪಲಿಲ್ಲ, ಅಷ್ಟು ಸಮಾಧಾನ. ದುರಸ್ತಿಯ ಖರ್ಚು ಯಾರದು? ಖಾಸಗಿ ಕಂಪನಿ ತನ್ನಿಂದಾಗದು ಎಂದಿತು, ಸರ್ಕಾರ ಒಪ್ಪಂದದ ಹೊಣೆ ನೆನಪಿಸಿತು. ಜಲ್ಲಿ ಕೆಲಸಕ್ಕೆ ನೆಲ ಕರಗಿರಬೇಕು. ಆ ವರ್ಷದ ಬೇಸಿಗೆ ಕಾಗದಪತ್ರದಲ್ಲೇ ಕಳೆಯಿತು. ಚಳಿಗಾಲಕ್ಕೆ ಬೇಕಾದ ಪ್ರೊಪೇನ್ ಹಡಗಿನಲ್ಲಿ ಬಂತು, ತರಕಾರಿ ವಿಮಾನದಲ್ಲಿ. ಬೆಲೆ ಏರಿತು.

2018ರ ಆಗಸ್ಟ್ ಕೊನೆಗೆ ಹಳಿಯ ಒಡೆತನ ಬದಲಾಯಿತು. ಅಕ್ಟೋಬರ್ ಕೊನೆಗೆ ಸರಕು ರೈಲು ಚರ್ಚಿಲ್ ತಲುಪಿತು, ಡಿಸೆಂಬರ್‌ನಲ್ಲಿ ಪ್ರಯಾಣಿಕರದು. ಹದಿನೈದು ತಿಂಗಳು ವಾದ, ಎರಡು ತಿಂಗಳು ಕೆಲಸ! ಒಕ್ಕೂಟ ಸರ್ಕಾರ 117 ಮಿಲಿಯನ್ ಡಾಲರ್ ಒದಗಿಸಿತು, ಅದರಲ್ಲಿ 43 ಮಿಲಿಯನ್ ಹತ್ತು ವರ್ಷಗಳ ನಿರ್ವಹಣೆಗೆ. 2021ರಿಂದ ಹಳಿ, ಬಂದರು ಎರಡೂ ಮೂಲನಿವಾಸಿ ಸಮುದಾಯಗಳು ಮತ್ತು ಉತ್ತರದ ಊರುಗಳ ಕೂಟದ ಸ್ವತ್ತು. ತಗ್ಗಿಗೆ ಜಲ್ಲಿ ಸುರಿಯುವ ಕೆಲಸ ಈಗ ಅವರದು.