ನಡಿಗೆ ತಪ್ಪದ ಹುಡುಗ

ಕಲಬುರಗಿಯಲ್ಲಿ ಒಂದು ಮದುವೆ. ಹಿಂದಿನ ರಾತ್ರಿ ಕಾಕಾ ಒಬ್ಬರು ಅಣ್ಣನ ಮಗನ ಬೆನ್ನು ತಟ್ಟಿದರು. "ನಮ್ಮ ಹುಡುಗ ಗಟ್ಟಿ ಅದಾನ, ನಾಕು ಪೆಗ್ ಹಾಕಿದ್ರೂ ನಡಿಗಿ ತಪ್ಪಲ್ಲ." ಹುಡುಗನಿಗೆ ಹತ್ತೊಂಬತ್ತು. ಅವನು ನೆಟ್ಟಗೆ ನಡೆದು ಹೋಗಿ ಗಾಡಿ ಹತ್ತಿದ. ನನಗೆ ಭಯವಾಗಿದ್ದೇ ಆ ನೆಟ್ಟಗಿನ ನಡಿಗೆ ನೋಡಿ.

ಕುಡಿದವನಿಗೆ ತೂಕಡಿಕೆ ಬರುವುದು ಒಳ್ಳೆಯದು ರೀ. ಅದು ಮನೆಯ ಫ್ಯೂಸ್ ಇದ್ದಂಗೆ, ಲೋಡ್ ಜಾಸ್ತಿ ಆದರೆ ತಾನೇ ಹಾರುತ್ತದೆ. ಹರೆಯದ ಇಲಿಗಳಿಗೆ ಮದ್ಯ ಕೊಟ್ಟು ನೋಡಿದ್ದಾರೆ. ದೊಡ್ಡ ಇಲಿಗಳಷ್ಟು ಬೇಗ ಅವು ಮಲಗುವುದಿಲ್ಲ, ಕಾಲೂ ಅಷ್ಟು ತಡವರಿಸುವುದಿಲ್ಲ, ಆದರೆ ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮಾತ್ರ ಹೆಚ್ಚು ಕೆಡುತ್ತದೆ. ಮಕ್ಕಳ ಮೇಲೆ ಇಂಥ ಪ್ರಯೋಗ ಮಾಡೋಕಾಗಲ್ಲ, ಮಾಡಲೂಬಾರದು. ಆದರೂ ಫ್ಯೂಸ್ ಹಾರದ ಮನೆಯಲ್ಲಿ ವೈರ್ ಸುಡುತ್ತದೆ ಅಲ್ವಾ?

ಇನ್ನೊಂದು ಮಾತು. ಬೀದರ್‌ನಲ್ಲಿ ಬಿದ್ರಿ ಹೂಜಿ ಮಾಡುವುದನ್ನು ನೋಡಿದ್ದೀರಾ? ಎರಕ ಹೊಯ್ದ ಕೂಡಲೇ ಹೂಜಿ ಹೂಜಿಯಂತೆಯೇ ಕಾಣುತ್ತದೆ. ಚಿತ್ತಾರ ಕೊರೆಯುವುದು, ಬೆಳ್ಳಿ ತಂತಿ ಕೂರಿಸುವುದು, ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುವುದು, ಎಲ್ಲ ಆಮೇಲೆ. ಮಿದುಳೂ ಹಾಗೇ. ನರಗಳ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಹಣೆಯ ಹಿಂದೆ ಕೂತು "ಸಾಕು, ಗ್ಲಾಸ್ ಇಡು" ಅನ್ನುವ ಭಾಗಕ್ಕೆ ಕೊನೆಯ ಪಾಳಿ, ಅದು ಇಪ್ಪತ್ತು ದಾಟಿದ ಮೇಲೂ ನಡೆದಿರುತ್ತದೆ.

"18ಕ್ಕೆ ವೋಟು ಹಾಕಬಹುದು, ಕುಡಿಯಬಾರದಾ?" ಅಂತ ಕೇಳುತ್ತಾರೆ. ಹಳೇ ವಾದ. 1971ರಲ್ಲಿ ಅಮೆರಿಕದಲ್ಲಿ ವೋಟಿನ ವಯಸ್ಸು 18ಕ್ಕೆ ಇಳಿಯಿತು, ಅದರ ಬೆನ್ನಿಗೇ ಹಲವು ರಾಜ್ಯಗಳು ಕುಡಿತದ ವಯಸ್ಸನ್ನೂ ಇಳಿಸಿದವು. ರಸ್ತೆಯಲ್ಲಿ ಹುಡುಗರು ಸಾಯುವುದು ಹೆಚ್ಚಾಯಿತು. 1984ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, 21 ಮಾಡದಿದ್ದರೆ ರಾಜ್ಯಗಳಿಗೆ ಕೊಡುವ ಹೆದ್ದಾರಿ ದುಡ್ಡು ಕಡಿತ ಅಂತ ಹೆದರಿಸಿ ಮತ್ತೆ ಏರಿಸಬೇಕಾಯಿತು.

ನಮ್ಮ ಕರ್ನಾಟಕದ್ದೂ ಗೊಂದಲವೇ. ಅಬಕಾರಿ ಕಾಯ್ದೆಯಲ್ಲಿ 18, ಅದರ 1967ರ ನಿಯಮದಲ್ಲಿ 21. 2023ರಲ್ಲಿ 18 ಮಾಡೋಣ ಅಂತ ಕರಡು ಬಂತು, ಗದ್ದಲ ಎದ್ದ ಮೇಲೆ ಕೈಬಿಟ್ಟರು. ಬೀದರ್‌ನಿಂದ ಉದಗೀರ್ ಬಸ್ ಹತ್ತಿದರೆ ಮಹಾರಾಷ್ಟ್ರ, ಅಲ್ಲಿ ವಿಸ್ಕಿಗೆ 25. ಇದರಲ್ಲಿ ಯಾವ ಅಂಕಿಯೂ ಮಿದುಳು ನೋಡಿ ಬರೆದದ್ದಲ್ಲ, ಒಪ್ಪುತ್ತೇನೆ. ಆದರೂ ಇಳಿಸುವುದು ಬೇಡ ಅನ್ನುವವರ ಕಡೆಗೇ ನಾನು.

ಮರುದಿನ ಬೆಳಿಗ್ಗೆ ಆ ಹುಡುಗ ಮಂಟಪದ ಬಾಗಿಲಲ್ಲಿ ನಿಂತು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. "ನನ್ನ ಗಾಡಿ ಇಲ್ಲಿಗೆ ಯಾರು ತಂದ್ರಿ?"

ತಂದವನು ಅವನೇ.