ಹಗುರ ತೂಕದ ಬಾಕ್ಸರ್‌ನ ಹಾದಿ ಇಕ್ಕಟ್ಟಾದ ಬಗೆ

ಕಾರವಾರದಿಂದ ಭಟ್ಕಳದವರೆಗೆ ಊರೂರಲ್ಲಿ ಅಂಟಿಸುವ ಕಬಡ್ಡಿ ಪಂದ್ಯಾವಳಿಯ ಭಿತ್ತಿಪತ್ರಗಳಲ್ಲಿ ‘55 ಕೆ.ಜಿ. ವಿಭಾಗ’, ‘60 ಕೆ.ಜಿ. ವಿಭಾಗ’ ಎಂಬ ಸಾಲು ಕಾಣುವುದು ಸಾಮಾನ್ಯ. ಮೈತೂಕ ಕಡಿಮೆಯಿದ್ದವನಿಗೂ ಅಂಕಣದಲ್ಲಿ ಜಾಗವಿರಬೇಕು ಎಂಬ ತಿಳಿವಳಿಕೆ ಕರಾವಳಿಗೆ ಹೊಸದಲ್ಲ. ಬಾಕ್ಸಿಂಗ್ ನಿಂತಿರುವುದೂ ಇದೇ ತತ್ವದ ಮೇಲೆ. ಆದರೂ ಒಲಿಂಪಿಕ್ಸ್ ರಿಂಗಿನಲ್ಲಿ ಅತಿ ಹಗುರ ತೂಕದವರ ಜಾಗ ಈಗ ಇಲ್ಲವಾಗಿದೆ. ಇದು ದೂರದ ಸುದ್ದಿ ಎಂದು ನಮ್ಮ ಜಿಲ್ಲೆಯವರು ಸುಮ್ಮನಿರುವಂತಿಲ್ಲ. ಘಟ್ಟದ ಮೇಲೂ ಕೆಳಗೂ ಐವತ್ತು ಕಿಲೋ ಮುಟ್ಟದ, ಆದರೆ ಚುರುಕಿನಲ್ಲಿ ಯಾರಿಗೂ ಕಡಿಮೆಯಿಲ್ಲದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

ಪುರುಷರ ಅತಿ ಹಗುರ ತೂಕದ ಲೈಟ್ ಫ್ಲೈವೇಟ್ ವಿಭಾಗ ಒಲಿಂಪಿಕ್ಸ್‌ಗೆ ಬಂದದ್ದು 1968ರಲ್ಲಿ, ಮೆಕ್ಸಿಕೊ ಸಿಟಿಯಲ್ಲಿ. ಆಗ ಅದರ ಮಿತಿ 48 ಕಿಲೋ, ನಂತರ 49 ಆಯಿತು. ರಿಯೊ ಒಲಿಂಪಿಕ್ಸ್‌ವರೆಗೆ, ಅಂದರೆ 2016ರವರೆಗೆ, ಅದು ಉಳಿಯಿತು. ಟೋಕಿಯೊದಲ್ಲಿ ಮಹಿಳೆಯರ ವಿಭಾಗಗಳನ್ನು ಮೂರರಿಂದ ಐದಕ್ಕೆ ಏರಿಸಿ, ಪುರುಷರದ್ದನ್ನು ಹತ್ತರಿಂದ ಎಂಟಕ್ಕೆ ಇಳಿಸಿದರು. ಮಹಿಳೆಯರಿಗೆ ಸಿಕ್ಕಿದ್ದು ನ್ಯಾಯವಾದ ಪಾಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದಕಗಳ ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಈ ಹಂಚಿಕೆ ಮಾಡಿದ್ದರಿಂದ 49 ಕಿಲೋ ವಿಭಾಗ ಹೊರಬಿತ್ತು.

ಹೊಡೆತ ನೇರವಾಗಿ ತಗುಲಿದವರಲ್ಲಿ ಹರಿಯಾಣದ ಅಮಿತ್ ಪಂಘಾಲ್ ಒಬ್ಬರು. 2018ರ ಏಷ್ಯನ್ ಕ್ರೀಡಾಕೂಟದ 49 ಕಿಲೋ ಫೈನಲ್‌ನಲ್ಲಿ ಅವರು ಸೋಲಿಸಿದ್ದು ರಿಯೊ ಚಾಂಪಿಯನ್, ಉಜ್ಬೇಕಿಸ್ತಾನದ ಹಸನ್‌ಬಾಯ್ ದುಸ್ಮಾತೊವ್ ಅವರನ್ನು. ಒಲಿಂಪಿಕ್ಸ್‌ಗೆ ಹೋಗಬೇಕಾದರೆ 52ಕ್ಕೆ ಏರುವುದು ಅನಿವಾರ್ಯವಾಯಿತು. ಏರಿದರು. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು, ಅಷ್ಟು ಎತ್ತರಕ್ಕೆ ಹೋದ ಮೊದಲ ಭಾರತೀಯ ಪುರುಷ ಬಾಕ್ಸರ್ ಎನಿಸಿದರು. ಆದರೆ ಟೋಕಿಯೊದಲ್ಲಿಯೂ ಪ್ಯಾರಿಸ್‌ನಲ್ಲಿಯೂ ಮೊದಲ ಪಂದ್ಯದಲ್ಲೇ ಸೋತರು. ಸೋಲಿಗೆ ತೂಕವೊಂದೇ ಕಾರಣ ಎನ್ನಲಾಗದು. ಆದರೂ ಮೂರು ಕಿಲೋ ಎಂದರೆ ಕಡಿಮೆಯೇನಲ್ಲ. ಸಹಜವಾಗಿ 49ರ ಆಸುಪಾಸಿನಲ್ಲಿರುವವನು, 55–56 ಕಿಲೋದಿಂದ ಬೆವರು ಹರಿಸಿ 52ಕ್ಕೆ ಇಳಿದವನ ಎದುರು ನಿಲ್ಲಬೇಕು. ಆ ಎದುರಾಳಿಯ ಮೂಳೆ, ತೋಳಿನ ಉದ್ದ, ಹೊಡೆತದ ಭಾರ ಎಲ್ಲವೂ ಬೇರೆ. ಮೇರಿ ಕೋಮ್ ಅವರದ್ದೂ ಇದೇ ಕಥೆ. ವಿಶ್ವ ಪ್ರಶಸ್ತಿಗಳನ್ನು 45ರಿಂದ 48 ಕಿಲೋ ಒಳಗೆ ಗೆದ್ದವರು, 2012ರಲ್ಲಿ ಲಂಡನ್‌ನ ಕಂಚಿಗಾಗಿ 51ಕ್ಕೆ ಏರಬೇಕಾಯಿತು.

ಹಾಗಾದರೆ ಒಲಿಂಪಿಕ್ಸ್ ಮಾದರಿಯ ಹವ್ಯಾಸಿ ಬಾಕ್ಸಿಂಗ್ ಬಿಟ್ಟು ವೃತ್ತಿಪರರಾಗಬಹುದಲ್ಲವೇ? ಅಲ್ಲಿ 49 ಕಿಲೋ ಇದೆ, ಅದಕ್ಕೂ ಕೆಳಗಿನ ಸುಮಾರು 47.6 ಕಿಲೋ ವಿಭಾಗವೂ ಇದೆ. ಈ ಪ್ರಶ್ನೆಗೆ ಉತ್ತರ ಹುಡುಕುವವರು ಚೀನಾದ ಜೌ ಶಿಮಿಂಗ್ ಅವರ ಬದುಕನ್ನು ನೋಡಬೇಕು. 2004ರಲ್ಲಿ ಕಂಚು, 2008 ಮತ್ತು 2012ರಲ್ಲಿ ಚಿನ್ನ, ಜೊತೆಗೆ ಮೂರು ವಿಶ್ವ ಪ್ರಶಸ್ತಿ, ಎಲ್ಲವೂ ಲೈಟ್ ಫ್ಲೈವೇಟ್‌ನಲ್ಲಿ. ಅವರು ಬೆಳೆದದ್ದು ಕಂಪ್ಯೂಟರ್ ಅಂಕಗಳ ಕಾಲದಲ್ಲಿ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪಷ್ಟವಾಗಿ ಮೇಲುಗೈ ಸಾಧಿಸಿದರೂ ಸೋತರೆಂದು ತೀರ್ಪು ಪಡೆದ ಅಮೆರಿಕದ ರಾಯ್ ಜೋನ್ಸ್ ಅವರಿಗಾದ ಅನ್ಯಾಯದ ಬಳಿಕ, 1992ರಿಂದ ಐವರು ತೀರ್ಪುಗಾರರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮಾತ್ರ ಅಂಕ ಎಂಬ ನಿಯಮ ಬಂತು. ತೀರ್ಪು ಮೋಸವಿಲ್ಲದೆ ನಡೆಯಲಿ ಎಂದು ಮಾಡಿದ ಈ ಏರ್ಪಾಡು ಆಟದ ರೀತಿಯನ್ನೇ ಬದಲಿಸಿತು. ಒಂದು ಸ್ಪಷ್ಟ ಹೊಡೆತ ತಾಗಿಸಿ ತಕ್ಷಣ ಜಾರಿಕೊಳ್ಳುವವನಿಗೆ ಲಾಭ, ಪಕ್ಕೆಗೆ ಹೊಡೆದು ಎದುರಾಳಿಯನ್ನು ಬಳಲಿಸುವವನಿಗೆ ನಷ್ಟ. ಜೌ ಈ ಕಲೆಯಲ್ಲಿ ನಿಜವಾದ ಗುರು.

2013ರ ಏಪ್ರಿಲ್‌ನಲ್ಲಿ ಮಕಾವುನಲ್ಲಿ ವೃತ್ತಿಪರ ಜೀವನ ಆರಂಭಿಸಿದಾಗ ಅವರಿಗೆ 31 ದಾಟಿತ್ತು. ಹವ್ಯಾಸಿ ಪಂದ್ಯ ಮೂರು ಸುತ್ತಿನದು, ವೃತ್ತಿಪರ ಪ್ರಶಸ್ತಿ ಪಂದ್ಯ ಹನ್ನೆರಡು ಸುತ್ತಿನದು. ಹವ್ಯಾಸಿಗಳು ಪಂದ್ಯದ ದಿನ ಬೆಳಿಗ್ಗೆ ತಕ್ಕಡಿ ಏರುತ್ತಾರೆ, ವೃತ್ತಿಪರರು ಹಿಂದಿನ ದಿನವೇ ತೂಗಿಸಿಕೊಂಡು ರಾತ್ರಿಯೊಳಗೆ ಕೆಲವು ಕಿಲೋ ಮರಳಿ ಪಡೆಯುತ್ತಾರೆ. ಮೂವತ್ತರ ನಂತರ ಅಲ್ಲಿಗೆ ಹೋದವನು ಕಾಲಿನ ಲಯದಿಂದ ಹಿಡಿದು ಉಸಿರಿನ ಲೆಕ್ಕದವರೆಗೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. 2015ರಲ್ಲಿ ಥಾಯ್ಲೆಂಡ್‌ನ ಅಮ್ನಾತ್ ರುಯೆನ್ರೋಂಗ್ ಎದುರು ಸೋತ ಜೌ, 2016ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ವಿಶ್ವ ಬಾಕ್ಸಿಂಗ್ ಸಂಘಟನೆಯ (ಡಬ್ಲ್ಯುಬಿಒ) ಫ್ಲೈವೇಟ್ (ಸುಮಾರು 50.8 ಕಿಲೋ) ಪ್ರಶಸ್ತಿ ಗೆದ್ದರು. ಮರುವರ್ಷ ಶಾಂಘೈನಲ್ಲಿ ಜಪಾನಿನ ಶೊ ಕಿಮುರಾ ಅದನ್ನು ಕಸಿದರು. ಬೆನ್ನಿಗೆ ದೊಡ್ಡ ದೇಶದ ಪ್ರೇಕ್ಷಕರು ಮತ್ತು ಹಣ, ಪಕ್ಕದಲ್ಲಿ ಫ್ರೆಡ್ಡಿ ರೋಚ್‌ರಂಥ ತರಬೇತುದಾರ ಇದ್ದೂ ಇಷ್ಟು ಕಷ್ಟವಾಯಿತು. ಭಾರತದಲ್ಲಿ ಆ ಬೆಂಬಲ ಇಲ್ಲ. 2006ರ ಕಾಮನ್‌ವೆಲ್ತ್ ಚಿನ್ನ ಗೆದ್ದ ಬಾಂಟಮ್‌ವೇಟ್ (54 ಕಿಲೋ) ಬಾಕ್ಸರ್ ಅಖಿಲ್ ಕುಮಾರ್ ವೃತ್ತಿಪರ ರಿಂಗ್ ಹತ್ತಿದ್ದು 2017ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ.

ಆದ್ದರಿಂದ ನಮ್ಮಲ್ಲಿ ಹಗುರ ತೂಕದವರಿಗೆ ಹವ್ಯಾಸಿ ಪದಕ ಮತ್ತು ಅದರಿಂದ ಸಿಗುವ ಸರ್ಕಾರಿ ನೌಕರಿಯೇ ಜೀವನಾಧಾರ. ಮಣಿಪುರದ ಡಿಂಕೊ ಸಿಂಗ್ ಇದಕ್ಕೆ ಸಾಕ್ಷಿ. ಅನಾಥಾಲಯದಲ್ಲಿ ಬೆಳೆದ ಹುಡುಗನನ್ನು ಗುರುತಿಸಿದ್ದು ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆ. ನೌಕಾಪಡೆ ಕೆಲಸ ಕೊಟ್ಟಿತು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 54 ಕಿಲೋ ವಿಭಾಗದ ಚಿನ್ನ ಗೆದ್ದಾಗ, ಬಾಕ್ಸಿಂಗ್‌ನಲ್ಲಿ ಭಾರತದ ಹದಿನಾರು ವರ್ಷಗಳ ಬರ ನೀಗಿತು.

ಅದೇ ಯೋಜನೆ ಉತ್ತರ ಕನ್ನಡಕ್ಕೂ ಬಂದಿತ್ತು! 1980ರ ದಶಕದ ಕೊನೆಯಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕಮಲಾ ಸಿದ್ದಿ, ಫಿಲಿಪ್ ಸಿದ್ದಿ ಅವರಂಥ ಅಥ್ಲೀಟ್‌ಗಳು ಬೆಳಕಿಗೆ ಬಂದರು. 1993ರಲ್ಲಿ ಸಿದ್ದಿಗಳ ಪಾಲಿಗೆ ಅದು ನಿಂತುಹೋಯಿತು. ಮಣಿಪುರದಲ್ಲಿ ಒಬ್ಬ ಡಿಂಕೊನಿಂದ ಮೇರಿ ಕೋಮ್, ಅವರ ಹಿಂದೆ ಇನ್ನೊಂದು ಪೀಳಿಗೆ ಎಂದು ಸರಪಳಿ ಬೆಳೆಯಿತು. ಇಲ್ಲಿ ಮೊದಲ ಕೊಂಡಿಯಲ್ಲೇ ತುಂಡಾಯಿತು. ಪ್ರತಿಭೆಯ ಕೊರತೆಯಿಂದ ಹೀಗಾಗಲಿಲ್ಲ, ಕೈಬಿಟ್ಟದ್ದರಿಂದ ಆಯಿತು ಎಂದೇ ನನ್ನ ಖಚಿತ ಅಭಿಪ್ರಾಯ.

ಈಗ ಇಲ್ಲಿ ಬಾಕ್ಸಿಂಗ್ ಕಲಿಸಲು ಹೊರಡುವವರು ಒಲಿಂಪಿಕ್ಸ್‌ನ ತೂಕದ ಪಟ್ಟಿಯನ್ನೂ ಕೈಯಲ್ಲಿಟ್ಟುಕೊಳ್ಳಬೇಕು. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಮೀನಾಕ್ಷಿ ಹೂಡಾ 48 ಕಿಲೋ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಅತಿ ಕೆಳಗಿನ ಮಿತಿ 50 ಕಿಲೋ, ಪುರುಷರದ್ದು 51 ಆಗಿತ್ತು. ಮುಂಡಗೋಡದ 46 ಕಿಲೋ ಹುಡುಗಿಗೆ ಹದಿನಾಲ್ಕರಲ್ಲೇ ಇದನ್ನು ತಿಳಿಸಿ, ಊಟ, ಸ್ನಾಯುಬಲ, ತೋಳಿನ ಕಸುವು ಎಲ್ಲವನ್ನೂ ನಾಲ್ಕೈದು ವರ್ಷಗಳಲ್ಲಿ ನಿಧಾನವಾಗಿ ಕಟ್ಟಬೇಕು. ಆ ಕೆಲಸಕ್ಕೆ ಒಬ್ಬ ತರಬೇತುದಾರ ಜಿಲ್ಲೆಯಲ್ಲೇ ನೆಲೆಸಬೇಕು, ಯೋಜನೆ ನಡುವೆ ನಿಲ್ಲಬಾರದು.